ತುಂಗಭದ್ರೆಯ ಬಂಡೆಗಳ ನಡುವೆ ದೋಣಿಗೆ ದಾರಿ ಯಾಕೆ ತೋಡಲಿಲ್ಲ?

ಶಾಲೆಬಾವಿ (ಗಂಗಾವತಿ ತಾಲೂಕು) ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಆನೆಗೊಂದಿ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಮೊನ್ನೆ ವಿಜಯನಗರದ ಪಾಠ ನಡೆದಿತ್ತು. ಕಾಲುವೆಗಳ ಹೆಸರು ಬೋರ್ಡಿನ ಮೇಲೆ ಬರೆದೆ. ರಾಯ, ಬಸವಣ್ಣ, ತುರ್ತು, ಆನೆಗೊಂದಿ, ಕಂಪ್ಲಿ. ಐನೂರು ವರ್ಷದ ಹಿಂದೆ ತೋಡಿದ ಕಾಲುವೆಗಳಲ್ಲಿ ಇವತ್ತಿಗೂ ನೀರು ಹರಿಯುತ್ತದೆ, ನಿಮ್ಮ ಮನೆಯ ಬಾಳೆ, ಭತ್ತ ಅದೇ ನೀರು ಕುಡಿದು ಬೆಳೆದದ್ದು ಎಂದೆ.

ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ನಿಂತ. ಅವನ ಅಪ್ಪ ಹರಿಗೋಲು ಹಾಕುತ್ತಾರೆ. ಹುಡುಗ ಕ್ಲಾಸಿನಲ್ಲಿ ಬಾಯಿ ಬಿಡುವುದೇ ಅಪರೂಪ. ಅವನು ಕೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಟೀಚರ್, ಬ್ಯಾಸಗಿಯಾಗ ನೀರು ಕಮ್ಮಿ ಆದ್ರ ನಮ್ಮಪ್ಪ ಹರಿಗೋಲು ಬೆನ್ನ ಮ್ಯಾಲೆ ಹೊತ್ಕೊಂಡು ಬಂಡೆ ದಾಟ್ತಾನ. ರಾಯರಿಗೆ ಅಷ್ಟು ಕಾಲುವೆ ತೋಡಾಕ ಬಂತು. ದೋಣಿ ಹೋಗಾಕ ಒಂದು ದಾರಿ ಯಾಕ ತೋಡಲಿಲ್ಲ?"

ನನಗೆ ಉತ್ತರ ಗೊತ್ತಿರಲಿಲ್ಲ. "ನಾಳೆ ಹೇಳುತ್ತೇನೆ" ಎಂದು ಐದು ದಿನ ಆಯಿತು. ಅವನು ದಿನಾ ನನ್ನ ಮುಖ ನೋಡುತ್ತಾನೆ.

ನಮ್ಮ ಹೊಳೆಯಲ್ಲಿ ಯಾಕೆ ತೋಡಲಿಲ್ಲ? ಬೇರೆ ಕಡೆ ಯಾರಾದರೂ ತೋಡಿದ್ದಾರಾ? ಅಂದರೆ ಹೊಲಕ್ಕೆ ನೀರು ಬಿಡಲಿಕ್ಕಲ್ಲ, ಹೊಳೆಯ ಬಂಡೆ ಕಡಿದು ದೋಣಿ ಸಾಗಲಿಕ್ಕೆ ಅಂತಲೇ. ಯಂತ್ರಗಳು ಬರುವ ಮುಂಚೆ, ಬರೀ ಕೈಯಲ್ಲಿ. ತಿಳಿದವರು ದಯವಿಟ್ಟು ಹೇಳಿ. ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದರೆ ಇನ್ನೂ ಒಳ್ಳೆಯದು.

ಬಿಸಿಲೂರು (ರಾಯಚೂರು) ಉತ್ತರ:

ಟೀಚರ್, ದೋಣಿಗಾಗಿ ತೋಡಿದ ಕಾಲುವೆ ನಮಗೆ ಬಹಳ ದೂರದಲ್ಲಿಲ್ಲ. ಇದೇ ತುಂಗಭದ್ರೆಯ ನೀರು ಅದರಲ್ಲಿ ಹೋಗುತ್ತದೆ. ಕರ್ನೂಲು–ಕಡಪ ಕಾಲುವೆ. ಜನ ಕೆ.ಸಿ. ಕೆನಾಲ್ ಅನ್ನುತ್ತಾರೆ. ಮಂತ್ರಾಲಯ ದಾಟಿ ಹೊಳೆಯ ಗುಂಟ ಕೆಳಗೆ ಹೋದರೆ ಸುಂಕೇಸುಲ ಸಿಗುತ್ತದೆ. ಅಲ್ಲಿ ಅಣೆ ಕಟ್ಟಿ ಈ ಕಾಲುವೆ ತೆಗೆದಿದ್ದಾರೆ. ಉದ್ದ ಸುಮಾರು 300 ಕಿಲೋಮೀಟರ್. 1860ರ ದಶಕದಲ್ಲಿ ಒಂದು ಇಂಗ್ಲಿಷ್ ಕಂಪನಿ ಅದನ್ನು ತೋಡಿಸಿತು. ಹೊಲಕ್ಕೂ ನೀರು, ದೋಣಿಗೂ ದಾರಿ, ಎರಡೂ ಒಂದರಲ್ಲೇ ಎನ್ನುವುದು ಲೆಕ್ಕ. ಎಲ್ಲಾ ಗುದ್ದಲಿ, ಬುಟ್ಟಿಯ ಕೆಲಸ. ಕಂಪನಿಗೆ ಕೈ ಕಚ್ಚಿತು. 1882ರಲ್ಲಿ ಸರ್ಕಾರವೇ ಅದನ್ನು ಕೊಂಡುಕೊಂಡಿತು. ಈಗ ದೋಣಿ ಇಲ್ಲ, ನೀರಾವರಿ ಮಾತ್ರ.

ಇದರ ಹಿಂದೆ ಇದ್ದವರು ಸರ್ ಆರ್ಥರ್ ಕಾಟನ್. ಗೋದಾವರಿಗೆ ದವಳೇಶ್ವರದಲ್ಲಿ ಅಣೆ ಕಟ್ಟಿದವರು. ಆಂಧ್ರದ ಕಡೆ ಇವತ್ತಿಗೂ ಕಾಟನ್ ದೊರೆ ಎಂದು ಕೈ ಮುಗಿಯುತ್ತಾರೆ. ರೈಲಿಗೆ ದುಡ್ಡು ಸುರಿಯುವ ಬದಲು ಕಾಲುವೆ ತೋಡಿ, ನೀರೂ ಸಿಗುತ್ತದೆ, ಸಾಮಾನು ಸಾಗಿಸುವ ಖರ್ಚೂ ಇಳಿಯುತ್ತದೆ, ಬರ ಬಂದಾಗ ಕಾಳು ದೋಣಿಯಲ್ಲಿ ಬರುತ್ತದೆ ಎಂದು ಅವರು ಜೀವನಪೂರ್ತಿ ವಾದ ಮಾಡಿದರು. ನಿಮ್ಮ ಹುಡುಗನಿಗೆ ಇದನ್ನು ಖಂಡಿತ ಹೇಳಿ: ಅವರ ಕನಸಿನ ಜಲದಾರಿಗಳಲ್ಲಿ ಒಂದು ತುಂಗಭದ್ರೆಯ ಗುಂಟ ಮೇಲೆ ಹೋಗಿ ಕಾರವಾರದ ಸಮುದ್ರ ಮುಟ್ಟುವುದಾಗಿತ್ತು. ಅಂದರೆ ಅದು ನಿಮ್ಮ ಆನೆಗೊಂದಿಯ ಕಡೆಯಿಂದಲೇ ಹಾಯಬೇಕಿತ್ತು! ಆಗಲಿಲ್ಲ. ರೈಲು ಬಂತು. 1876–78ರ ಬರದಲ್ಲಿ ಬಳ್ಳಾರಿ ಸೀಮೆಯಲ್ಲಿ ಸತ್ತ ಜನಕ್ಕೆ ಲೆಕ್ಕ ಇಲ್ಲ. ಆ ದಾರಿ ಆಗಿದ್ದರೆ ಎಂದು ನನಗೆ ಒಮ್ಮೊಮ್ಮೆ ಅನ್ನಿಸುತ್ತದೆ.

ನಮ್ಮ ಹಳೆಯ ಜನ ಭಾರ ಸಾಗಿಸುತ್ತಿದ್ದದ್ದು ಎತ್ತು, ಕೋಣಗಳ ಮೇಲೆ. ಲಂಬಾಣಿಗರು ಉಪ್ಪು, ಕಾಳು ಹೇರಿಕೊಂಡು ನೂರಾರು ಎತ್ತು ಹೊಡೆದುಕೊಂಡು ಬರುತ್ತಿದ್ದರು. ರಾಯಚೂರು ಕೋಟೆಗೆ ಮಕ್ಕಳನ್ನು ಕರೆದುಕೊಂಡು ಬನ್ನಿ. ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಅದರ ಮೇಲೆ 1294ರ ಶಾಸನ. ಆ ಕಲ್ಲನ್ನು ಬಂಡಿಯ ಮೇಲೆ ಹೇರಿ, ಉದ್ದ ಸಾಲು ಕೋಣ ಕಟ್ಟಿ ಎಳೆದು ತಂದ ಚಿತ್ರವನ್ನೂ ಅಲ್ಲೇ ಗೋಡೆಯಲ್ಲಿ ಕೆತ್ತಿದ್ದಾರೆ. ನಾನು ಸಣ್ಣವನಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಆ ಕೋಣಗಳನ್ನು ಎಣಿಸಿದ ನೆನಪಿದೆ.

ಕಾಲುವೆಕಾಕಾ (ಕಾರಟಗಿ) ಉತ್ತರ:

ಅಕ್ಕೋರೆ, ನಿಮ್ಮ ಹುಡುಗನ ಪ್ರಶ್ನೆ ಓದಿ ಎರಡು ದಿನ ಅದೇ ಗುಂಗಿನಲ್ಲಿದ್ದೆ. ನಾನು ತುಂಗಭದ್ರಾ ಡ್ಯಾಮಿನ ಎಡದಂಡೆ ನಾಲೆಯಲ್ಲಿ 31 ವರ್ಷ ಕೆಲಸ ಮಾಡಿದವನು. ಗ್ಯಾಂಗ್‌ಮನ್ ಆಗಿ ಸೇರಿದೆ, ವರ್ಕ್ ಇನ್‌ಸ್ಪೆಕ್ಟರ್ ಆಗಿ ಹೊರಗೆ ಬಂದೆ. ಓದಿದ್ದು ಎಸ್ಸೆಸ್ಸೆಲ್ಸಿ. ಆದರೆ ನೀರು ಹರಿಯುವ ತೋಡು ಎಲ್ಲಿ ಕಂಡರೂ ನಿಂತು ನೋಡುವ ಚಾಳಿ ಇದೆ.

ಮೊದಲು ನಮ್ಮ ಹೊಳೆಯ ಮಾತು. ವಿಜಯನಗರದವರಿಗೆ ಬೇಕಾಗಿದ್ದು ನೀರು ಹೊಳೆಯಿಂದ ಮೇಲೆ ಏರಿ ಹೊಲಕ್ಕೆ ಬರುವುದು. ಅದಕ್ಕೆ ಹೊಳೆಗೆ ಅಡ್ಡ ಅಣೆ ಕಟ್ಟಿದರು. ಬಂಡೆಯಿಂದ ಬಂಡೆಗೆ ಕಲ್ಲು ಜೋಡಿಸಿ, ಕೆಲವು ಕಡೆ ಕಬ್ಬಿಣದ ಪಟ್ಟಿ ಹಾಕಿ ಬಿಗಿದರು. ನೀರು ಅಲ್ಲಿ ತಡೆದು ನಿಂತು, ಮಟ್ಟ ಏರಿ, ಕಾಲುವೆಯ ಬಾಯಿಗೆ ಬರುತ್ತದೆ. ಈಗ ಯೋಚನೆ ಮಾಡಿ. ದೋಣಿಗೆ ಬೇಕಾದದ್ದು ಬಂಡೆ ತೆಗೆದ ದಾರಿ. ಕಾಲುವೆಗೆ ಬೇಕಾದದ್ದು ಬಂಡೆ ಕೂಡಿಸಿದ ಅಣೆ. ಒಂದು ಹೊಳೆಯನ್ನು ಬಿಚ್ಚುತ್ತದೆ, ಇನ್ನೊಂದು ಕಟ್ಟುತ್ತದೆ. ಎರಡೂ ಬೇಕೆಂದರೆ ಲಾಕ್ ಬೇಕು. ಅಂದರೆ ಹಿಂದೊಂದು ಮುಂದೊಂದು ಬಾಗಿಲು ಇರುವ ತೊಟ್ಟಿ. ದೋಣಿ ಒಳಗೆ ಬಂದ ಮೇಲೆ ಬಾಗಿಲು ಹಾಕಿ ನೀರು ತುಂಬಿಸಿದರೆ ದೋಣಿ ಮೇಲೇರುತ್ತದೆ, ಬಿಟ್ಟರೆ ಕೆಳಗಿಳಿಯುತ್ತದೆ. ಕೆ.ಸಿ. ಕಾಲುವೆಯಲ್ಲಿ ಇಂಥವನ್ನೇ ಕಟ್ಟಿದ್ದರು. ರಾಯರ ಕಾಲದಲ್ಲಿ ನಮ್ಮ ಕಡೆ ಇದು ಇರಲಿಲ್ಲ.

ಇನ್ನೊಂದು ಮಾತು. ನಮ್ಮ ಹರಿಗೋಲಿಗೆ ಆಳದ ದಾರಿ ಬೇಕಾಗಿಯೇ ಇರಲಿಲ್ಲ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಆನೆಗೊಂದಿಗೆ ದಾಟುವ ದೋಣಿಗಳನ್ನು ಕಂಡು ಬರೆದಿದ್ದಾನೆ. ಬುಟ್ಟಿಯಂತೆ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ಹುಟ್ಟು ಹಾಕಿದರೆ ಗರಗರ ತಿರುಗುತ್ತಲೇ ಹೋಗುತ್ತವೆ ಎಂದು. ಮೊಣಕಾಲುದ್ದ ನೀರಿದ್ದರೂ ಅದು ತೇಲುತ್ತದೆ. ಬಂಡೆ ಬಂದರೆ ಹೊತ್ತು ದಾಟಬಹುದು. ನಿಮ್ಮ ಹುಡುಗನ ಅಪ್ಪ ಮಾಡುವುದು ಅದನ್ನೇ. ನಮ್ಮ ಜನ ಹೊಳೆಯನ್ನು ದೋಣಿಗೆ ತಕ್ಕಂತೆ ಕಡಿಯಲಿಲ್ಲ, ದೋಣಿಯನ್ನೇ ಹೊಳೆಗೆ ತಕ್ಕಂತೆ ಹೆಣೆದರು. ಇದು ಸಣ್ಣ ಬುದ್ಧಿವಂತಿಕೆ ಅಲ್ಲ. ಹುಡುಗನಿಗೆ ಇದನ್ನು ಒತ್ತಿ ಹೇಳಿ.

ಈಗ ಎರಡನೇ ಪ್ರಶ್ನೆ. ಬಂಡೆ ಕಡಿದು ದೋಣಿಗೆ ದಾರಿ ಮಾಡಿದವರು ಇದ್ದಾರೆ. ನಾನು ಆ ಜಾಗಕ್ಕೆ ಹೋಗಿದ್ದೇನೆ.

ನಮ್ಮ ಮಗ ಕೆಲಸದ ಮೇಲೆ ಎರಡು ವರ್ಷ ಈಜಿಪ್ಟಿನಲ್ಲಿದ್ದ. ಒಂದು ಜನವರಿಯಲ್ಲಿ ನನ್ನನ್ನೂ ಅವರ ಅವ್ವನನ್ನೂ ಕರೆಸಿಕೊಂಡ. ಪಿರಮಿಡ್ ನೋಡಿದೆವು, ದೊಡ್ಡವು, ಆಯಿತು. ಆಮೇಲೆ ರೈಲಿನಲ್ಲಿ ಅಸ್ವಾನ್‌ಗೆ ಹೋದೆವು. ಅಲ್ಲಿ ಹಾಯಿದೋಣಿ ಹತ್ತಿ ನೈಲ್ ನದಿಯಲ್ಲಿ ಸ್ವಲ್ಪ ಮೇಲೆ ಹೋಗುತ್ತಿದ್ದಂತೆ ನನ್ನ ಹೆಂಡತಿ ನನ್ನ ಕೈ ಹಿಡಿದು, "ಇದೇನ್ರೀ, ನಮ್ಮ ಸಣಾಪುರ ಇದ್ದಂಗ ಐತಲ್ಲ!" ಎಂದಳು. ನಿಜ. ಹೊಳೆಯ ನಡುವೆ ಆನೆ ಮಲಗಿದಂತೆ ನುಣ್ಣಗಿನ ಗ್ರಾನೈಟ್ ಬಂಡೆ. ಒಂದರ ಮೇಲೊಂದು ಕೂತ ಗುಂಡುಗಳು. ಅಲ್ಲೊಂದು ನಡುಗಡ್ಡೆ ಇದೆ, ಎಲಿಫೆಂಟೈನ್ ಎಂದು. ಅದರ ಪುರಾತನ ಹೆಸರಿಗೂ ಅರ್ಥ ಆನೆಯೇ. ಆನೆಗೊಂದಿಯಿಂದ ಹೋದವರಿಗೆ ಆನೆಯ ಊರೇ ಸಿಕ್ಕಿತು!

ಆ ಜಾಗಕ್ಕೆ ನೈಲ್‌ನ ಮೊದಲನೇ ಜಲಪಾತ ಎನ್ನುತ್ತಾರೆ. ಆದರೆ ಜೋಗದಂತೆ ಧುಮುಕುವುದಿಲ್ಲ. ಬಂಡೆಗಳ ನಡುವೆ ನೀರು ನುಗ್ಗಿ ಸುಳಿ ಸುತ್ತುವ ಜಾಗ. ಈಜಿಪ್ಟಿನ ರಾಜರಿಗೆ ಅದರ ಆಚೆಯ ನೂಬಿಯ ಬೇಕಿತ್ತು. ಅಲ್ಲಿ ಚಿನ್ನ ಇತ್ತು. ಸೈನ್ಯ ಹೋಗಬೇಕೆಂದರೆ ದೋಣಿ ಈ ಬಂಡೆಗಳನ್ನು ದಾಟಬೇಕಿತ್ತು.

ನಾವು ಸೆಹೆಲ್ ಎನ್ನುವ ಇನ್ನೊಂದು ನಡುಗಡ್ಡೆಗೆ ಇಳಿದೆವು. ಬಂಡೆಗಳ ತುಂಬಾ ಬರಹ. ಅದರಲ್ಲಿ ಒಂದು ಮೂರನೇ ಸೆನುಸ್ರೆಟ್ ಎನ್ನುವ ರಾಜನದು. ಕ್ರಿ.ಪೂ. 1870ರ ಸುಮಾರಿನದು. ಅವನು ಪಟ್ಟಕ್ಕೆ ಬಂದ ಎಂಟನೇ ವರ್ಷ ದಂಡು ತೆಗೆದುಕೊಂಡು ದಕ್ಷಿಣಕ್ಕೆ ಹೋಗುವಾಗ ಇಲ್ಲಿ ಕಾಲುವೆಯನ್ನು ಹೊಸದಾಗಿ ಮಾಡಿಸಿದ. ಅದಕ್ಕೆ ಅವನ ಇನ್ನೊಂದು ಹೆಸರಾದ ಖಾಕೌರೆಯನ್ನು ಸೇರಿಸಿ "ಖಾಕೌರೆಯ ದಾರಿಗಳು ಚೆಂದ" ಎನ್ನುವಂಥ ಹೆಸರಿಟ್ಟ. ಅಳತೆಯನ್ನೂ ಬರೆಸಿದ. ನಾನು ಮಗನಿಂದ ಓದಿಸಿ ಡೈರಿಯಲ್ಲಿ ಬರೆದುಕೊಂಡೆ. ಉದ್ದ 150 ಮೊಳ. ಅಗಲ 20 ಮೊಳ. ಆಳ 15 ಮೊಳ.

ಮೊಳ ಎಂದಾಗ ನನ್ನ ಕಣ್ಣು ತುಂಬಿತು ಅಕ್ಕೋರೆ. ಮೊಣಕೈಯಿಂದ ನಡುಬೆರಳ ತುದಿಯವರೆಗೆ. ನಮ್ಮ ಹೂವಿನವರು ಅಳೆಯುವುದೂ ಅದೇ. ಅವರ ರಾಜಮೊಳ ನಮ್ಮದಕ್ಕಿಂತ ನಾಲ್ಕು ಬೆರಳು ಜಾಸ್ತಿ, ಸುಮಾರು 52 ಸೆಂಟಿಮೀಟರ್. ಆ ಲೆಕ್ಕದಲ್ಲಿ ಕಾಲುವೆ ಹತ್ತಿರ ಹತ್ತಿರ 78 ಮೀಟರ್ ಉದ್ದ, ಹತ್ತು ಮೀಟರಿಗೆ ಸ್ವಲ್ಪ ಮೇಲೆ ಅಗಲ, ಎಂಟು ಮೀಟರಿಗೆ ಸ್ವಲ್ಪ ಕಮ್ಮಿ ಆಳ. ನಿಮ್ಮ ಶಾಲೆಯ ಬಯಲಿನಲ್ಲಿ ಹಿಡಿಸಬಹುದು.

ಇದಕ್ಕೂ ಹಿಂದಿನದು ಇದೆ. ಸೆನುಸ್ರೆಟ್‌ಗಿಂತ ನಾಲ್ಕುನೂರು ವರ್ಷ ಮುಂಚೆ ವೇನಿ ಎನ್ನುವ ಅಧಿಕಾರಿ ಮೆರೆನ್ರೆ ಎನ್ನುವ ರಾಜನಿಗಾಗಿ ದಕ್ಷಿಣದಲ್ಲಿ ಐದು ಕಾಲುವೆ ತೋಡಿಸಿದ. ರಾಜನ ಪಿರಮಿಡ್ಡಿಗೆ ಗ್ರಾನೈಟ್ ಸಾಗಿಸುವುದಕ್ಕೆ. ಜಾಲಿಯ ಜಾತಿಯ ಮರದಿಂದ ಮೂರು ದೊಡ್ಡ ದೋಣಿ, ನಾಲ್ಕು ಎಳೆಯುವ ದೋಣಿ ಕಟ್ಟಿಸಿದ. ಮರ ಕೊಟ್ಟವರು ನೂಬಿಯದ ಮುಖಂಡರು. ಎಲ್ಲಾ ಒಂದೇ ವರ್ಷದಲ್ಲಿ ಮುಗಿಸಿದೆ ಎಂದು ತನ್ನ ಗೋರಿಯ ಕಲ್ಲಿನಲ್ಲಿ ಬರೆಸಿಕೊಂಡಿದ್ದಾನೆ. ರಾಯಚೂರಿನವರು ಹೇಳಿದ ಕೋಣದ ಬಂಡಿಯನ್ನು ಇದರ ಪಕ್ಕ ಇಟ್ಟು ನೋಡಿ. ಅವರು ಕಲ್ಲು ತರಲು ನೀರಿಗೆ ದಾರಿ ಕಡಿದರು, ನಮ್ಮವರು ನೆಲದ ಮೇಲೆ ಕೋಣ ಕಟ್ಟಿದರು.

ಇಷ್ಟಕ್ಕೇ ಆಗಿದ್ದರೆ ನಾನು ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಸೆನುಸ್ರೆಟ್ ಆಗಿ ಮುನ್ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ, ಕ್ರಿ.ಪೂ. 1500ರ ಸುಮಾರು, ಒಂದನೇ ಥುಟ್‌ಮೋಸ್ ಎನ್ನುವ ರಾಜ ಅದೇ ದಾರಿಯಲ್ಲಿ ಬಂದ. ಕಾಲುವೆ ಕಲ್ಲು ಬಿದ್ದು ಮುಚ್ಚಿಹೋಗಿತ್ತು. ಒಂದು ದೋಣಿಯೂ ಹೋಗುತ್ತಿರಲಿಲ್ಲ. ಮತ್ತೆ ತೋಡಿಸಿದ. ಗೆದ್ದು ಬರುವಾಗ ಖುಷಿಯಿಂದ ಅದರಲ್ಲೇ ಸಾಗಿದೆ ಎಂದು ಅದೇ ನಡುಗಡ್ಡೆಯಲ್ಲಿ ಬರೆಸಿದ. ಆಮೇಲೆ ಅವನ ಮೊಮ್ಮಗ ಮೂರನೇ ಥುಟ್‌ಮೋಸ್. ತನ್ನ ಆಳ್ವಿಕೆಯ 50ನೇ ವರ್ಷದಲ್ಲಿ ಬಂದು ನೋಡಿದರೆ ಮತ್ತೆ ಕಲ್ಲು ತುಂಬಿದೆ! ಅವನೂ ತೋಡಿಸಿದ. ಆದರೆ ಅವನು ಮುಂಚಿನವರು ಬರೆಸದ ಒಂದು ಸಾಲು ಬರೆಸಿದ: ಎಲಿಫೆಂಟೈನ್‌ನ ಮೀನುಗಾರರು ಈ ಕಾಲುವೆಯನ್ನು ಪ್ರತಿ ವರ್ಷ ತೆಗೆಯಬೇಕು.

ನಾನು ಆ ಬಂಡೆಯ ಮುಂದೆ ಕೂತೆ. ಬಿಸಿಲು ಏರಿತ್ತು. ಮಗ ಹೋಗೋಣ ಎನ್ನುತ್ತಿದ್ದ. 31 ವರ್ಷ ನಾನು ಮಾಡಿದ ಕೆಲಸ ಅದು. ಅದಕ್ಕೆ ಮೂರೂವರೆ ಸಾವಿರ ವರ್ಷದ ಹಿಂದೆ ಕಲ್ಲಿನಲ್ಲಿ ಬರೆದ ಆರ್ಡರ್ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಕಾಲುವೆ ತೋಡಿದವರ ಹೆಸರು ಎಲ್ಲರಿಗೂ ಗೊತ್ತಿರುತ್ತದೆ. ಅದನ್ನು ತೆಗೆಯುವವರು ಯಾರು ಎಂದು ಯಾರೂ ಕೇಳುವುದಿಲ್ಲ. ಬೇಸಿಗೆಯಲ್ಲಿ ನಾಲೆ ಬಂದ್ ಆದ ಮೇಲೆ ನಾವು ಒಳಗೆ ಇಳಿಯುತ್ತಿದ್ದೆವು. ಮೊದಲು ಜಾಲಿಕಂಟಿ ಕಡಿಯಬೇಕು. ಆಮೇಲೆ ಜೊಂಡು. ಆಮೇಲೆ ಹೂಳು. ಹಸಿ ಹೂಳು ಸಲಿಕೆಗೆ ಅಂಟಿಕೊಂಡು ಬಿಡುವುದಿಲ್ಲ, ಒಣಗಿದರೆ ಇಟ್ಟಿಗೆಯಂತೆ. ನಡುವೆ ಒಂದು ವಾರ ಮಾತ್ರ ಅದು ಹದಕ್ಕೆ ಇರುತ್ತದೆ. ಆ ವಾರ ಹಿಡಿದವನೇ ಕೆಲಸಗಾರ.

ಒಂದು ವರ್ಷ ನಮ್ಮ ಉಪಕಾಲುವೆಯ ಹೂಳು ತೆಗೆಸಲಿಲ್ಲ. ಯಾಕೆ, ಯಾರಿಂದ ಎನ್ನುವುದು ಈಗ ಬೇಡ. ಜುಲೈನಲ್ಲಿ ನೀರು ಬಿಟ್ಟರು. ಮೇಲಿನವರ ಗದ್ದೆ ತುಂಬಿತು. ಕೊನೆಭಾಗಕ್ಕೆ ಹದಿನೆಂಟು ದಿನ ಆದರೂ ನೀರು ಮುಟ್ಟಲಿಲ್ಲ. ಒಬ್ಬ ಮುದುಕ ಸೈಕಲ್ ತುಳಿದುಕೊಂಡು ಬಂದು ಒಣಗಿದ ಒಂದು ಹಿಡಿ ಭತ್ತದ ಸಸಿಯನ್ನು ನನ್ನ ಕೈಯಲ್ಲಿಟ್ಟ. ಏನೂ ಮಾತಾಡಲಿಲ್ಲ. ತಿರುಗಿ ಹೋದ. ಆ ಸಸಿ ಬಹಳ ದಿನ ನನ್ನ ಡೈರಿಯ ನಡುವೆ ಇತ್ತು.

ನಮ್ಮ ಡ್ಯಾಮ್ ಕಟ್ಟಿದಾಗ 133 ಟಿಎಂಸಿ ನೀರು ಹಿಡಿಯುತ್ತಿತ್ತು. ಈಗ 105ರ ಆಸುಪಾಸು ಎಂದು ಲೆಕ್ಕ. ಉಳಿದ ಜಾಗದಲ್ಲಿ ಹೂಳು ಕೂತಿದೆ. 2017ರ ಬೇಸಿಗೆಯಲ್ಲಿ ರೈತರೇ ಟ್ರ್ಯಾಕ್ಟರ್ ತಂದು ಹೂಳು ಎತ್ತಲು ಇಳಿದರು. ನಾನೂ ಹೋಗಿದ್ದೆ. ಅಷ್ಟು ದೊಡ್ಡ ಕೆರೆಯಲ್ಲಿ ಅದು ಎಷ್ಟರ ಮಟ್ಟಿಗೆ ಎಂದು ಕೆಲವರು ಕೇಳಿದರು. ಇರಲಿ. 2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು ಹಿರೇಹಳ್ಳಕ್ಕೆ ತಾವೇ ಇಳಿದು ಕಸ, ಜೊಂಡು ಕಿತ್ತರು. ಜನ ಹಿಂದೆಯೇ ಇಳಿದರು. ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಹಳ್ಳ ಸ್ವಚ್ಛ ಆಯಿತು. ಮುಂದಿನ ಮಳೆಗೆ ಅಲ್ಲಿ ನೀರು ನಿಂತದ್ದನ್ನು ಕಣ್ಣಾರೆ ನೋಡಿದೆ.

ನಿಮ್ಮ ಹುಡುಗನಿಗೆ ಸೆನುಸ್ರೆಟ್ ಹೆಸರು ನೆನಪಿರದಿದ್ದರೂ ಪರವಾಗಿಲ್ಲ. ಆ ಮೀನುಗಾರರ ಸಾಲು ಹೇಳಿ.

ಶಾಲೆಬಾವಿ:

ಕಾಕಾ, ಏನು ಹೇಳಬೇಕು ತಿಳಿಯುತ್ತಿಲ್ಲ. ನಿಮ್ಮ ಉತ್ತರವನ್ನು ತರಗತಿಯಲ್ಲಿ ಓದಿದೆ. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಈಜಿಪ್ಟಿನಲ್ಲಿ ಆಗ ಕಬ್ಬಿಣ ಇರಲಿಲ್ಲ ಎಂದು ಓದುವಾಗ ನಾನು ಸೇರಿಸಿ ಹೇಳಿದ್ದೆ. ಅದಕ್ಕೆ ಒಬ್ಬ ಹುಡುಗಿ ಒಂದು ಪ್ರಶ್ನೆ ಕೇಳಿದ್ದಾಳೆ: "ಆಗ ಕಬ್ಬಿಣ ಇರಲಿಲ್ಲ ಅಂದ್ರಿ. ಮತ್ತೆ ಆ ಬಂಡೆ ಹೆಂಗ ಒಡೆದರು?" ಕಲ್ಲಿನ ಕೆಲಸ ಗೊತ್ತಿರುವವರು ಯಾರಾದರೂ ಇದ್ದೀರಾ?

ಕಲ್ಲುಳಿ (ಕಂಪ್ಲಿ) ಉತ್ತರ:

ಇದಕ್ಕೆ ನಾನು ಹೇಳುತ್ತೇನೆ ಮೇಡಂ. ನಮ್ಮದು ತಲೆತಲಾಂತರದಿಂದ ಕಲ್ಲು ಒಡೆಯುವ ಮನೆತನ. ನಮ್ಮ ತಾತ ತುಂಗಭದ್ರಾ ಡ್ಯಾಮ್ ಕಟ್ಟುವಾಗ ಕಲ್ಲು ಒಡೆದವರು. ನಾನು ಈಗ ಬೇರೆ ಕೆಲಸದಲ್ಲಿದ್ದೇನೆ, ಆದರೆ ಹದಿನಾರು ವರ್ಷ ಆಗುವ ತನಕ ಅಪ್ಪನ ಜೊತೆ ಕ್ವಾರಿಗೆ ಹೋದವನು.

ಹಂಪಿಯ ಬಂಡೆಗಳ ಮೇಲೆ ಸಾಲಾಗಿ ಚೌಕದ ಗುಳಿಗಳು ಇರುತ್ತವಲ್ಲ, ಮಕ್ಕಳು ನೋಡಿರುತ್ತಾರೆ. ಅದು ನಮ್ಮ ರೀತಿ. ಕಲ್ಲಿಗೂ ಒಂದು ಒಲವು ಇರುತ್ತದೆ. ಸುತ್ತಿಗೆಯಿಂದ ಬಡಿದು ದನಿ ಕೇಳಿದರೆ ಅದು ಯಾವ ಕಡೆ ಸೀಳುತ್ತದೆ ಎಂದು ಗೊತ್ತಾಗುತ್ತದೆ. ಆ ಗೆರೆಯ ಗುಂಟ ಚಾಣದಿಂದ ಗುಳಿ ತೆಗೆದು, ಬೆಣೆ ಇಟ್ಟು, ಒಂದೊಂದಕ್ಕೆ ಸಮನಾಗಿ ಏಟು ಹಾಕುತ್ತಾ ಹೋಗಬೇಕು. ಒಂದಕ್ಕೆ ಜಾಸ್ತಿ ಬಿತ್ತೋ, ಕಲ್ಲು ಅಡ್ಡ ಸೀಳುತ್ತದೆ. ಕೆಲಸ ಕೆಟ್ಟಂತೆ.

ಇದಕ್ಕೆ ಕಬ್ಬಿಣ ಬೇಕು. ಆ ಕಾಲದ ಈಜಿಪ್ಟಿನವರ ಹತ್ತಿರ ಇದ್ದದ್ದು ತಾಮ್ರ. ತಾಮ್ರದ ಚಾಣ ಗ್ರಾನೈಟಿಗೆ ತಾಗಿದರೆ ಮಡಚಿ ಹೋಗುತ್ತದೆ. ಅವರು ಗ್ರಾನೈಟಿಗೆ ಬಳಸಿದ್ದು ಕಲ್ಲನ್ನೇ. ಡಾಲರೈಟ್ ಎನ್ನುವ ಗಟ್ಟಿ ಕಪ್ಪು ಕಲ್ಲಿನ ಗುಂಡು. ಒಂದೊಂದು ಐದಾರು ಕೆಜಿ ತೂಕ. ಎರಡೂ ಕೈಯಲ್ಲಿ ಹಿಡಿದು ಕುಟ್ಟುತ್ತಾ ಹೋದರೆ ಗ್ರಾನೈಟ್ ಪುಡಿ ಪುಡಿಯಾಗಿ ಏಳುತ್ತದೆ. ಅಸ್ವಾನ್‌ನಲ್ಲೇ ಒಂದು ಅರ್ಧಕ್ಕೆ ಬಿಟ್ಟ ಕಂಬ ಇದೆ. ಸುಮಾರು 42 ಮೀಟರ್ ಉದ್ದ. ಬಿರುಕು ಬಿಟ್ಟದ್ದಕ್ಕೆ ಅಲ್ಲೇ ಬಿಟ್ಟುಹೋದರು. ಅದರ ಸುತ್ತ ಕುಟ್ಟಿ ತೆಗೆದ ಕಂದಕ, ಈ ಗುಂಡುಗಳು, ಎಲ್ಲಾ ಹಾಗೆಯೇ ಸಿಕ್ಕವು. 1920ರ ದಶಕದಲ್ಲಿ ಎಂಗಲ್‌ಬಾಕ್ ಎನ್ನುವ ಪುರಾತತ್ವದವರು ಅಲ್ಲಿ ತಾವೇ ಗುಂಡು ಹಿಡಿದು ಒಂದು ಗಂಟೆ ಕುಟ್ಟಿ ನೋಡಿದರು. ಒಂದು ಅಡಿ ಚೌಕದಲ್ಲಿ ಇಳಿದದ್ದು ಸುಮಾರು ಐದು ಮಿಲಿಮೀಟರ್! ಬೆಂಕಿ ಹಾಕಿ ಬಂಡೆ ಕಾಯಿಸಿ ಮೇಲಿನ ಪದರ ಸಡಿಲ ಮಾಡುವ ಉಪಾಯವೂ ಇದೆ. ನಮ್ಮವರು ಹಾಸುಗಲ್ಲು ಎಬ್ಬಿಸುವುದು ಬೆಂಕಿಯಿಂದಲೇ. ಆದರೆ ಅದು ಒಣ ಬಂಡೆಗೆ ಮಾತ್ರ. ಹೊಳೆಯಲ್ಲಿ ಮಾಡಬೇಕೆಂದರೆ ನೀರು ಪೂರಾ ಇಳಿದ ಬೇಸಿಗೆಯೇ ಆಗಬೇಕು.

ಕಾಕಾ ಕೊಟ್ಟ ಅಳತೆ ಹಿಡಿದು ನಾನು ನಮ್ಮ ಕ್ವಾರಿ ಲೆಕ್ಕ ಹಾಕಿದೆ. 150 ಮೊಳ, 20 ಮೊಳ, 15 ಮೊಳ. ಅಷ್ಟೂ ಬಂಡೆಯೇ ಎಂದು ಹಿಡಿದರೆ ಹತ್ತಿರ ಹತ್ತಿರ 2300 ಬ್ರಾಸ್ (ಒಂದು ಬ್ರಾಸ್ ಎಂದರೆ ನೂರು ಘನ ಅಡಿ) ಆಗುತ್ತದೆ. ಟ್ರ್ಯಾಕ್ಟರಿಗೆ ಒಂದು ಬ್ರಾಸ್ ಹೇರಿದರೆ 2300 ಲೋಡು. ರಾಜ ದಂಡು ತೆಗೆದುಕೊಂಡು ಹೋಗುವ ಅವಸರದಲ್ಲಿ ಅಷ್ಟನ್ನೂ ಕುಟ್ಟಿ ತೆಗೆದಿರಲಾರರು. ಮೊದಲೇ ಇದ್ದ ಸಂದಿಯನ್ನು ಹುಡುಕಿ, ಅಡ್ಡ ಬಂದ ಮೂಗುಗಳನ್ನು ಕಡಿದು, ಬಿದ್ದ ಗುಂಡುಗಳನ್ನು ಹಗ್ಗ ಹಾಕಿ ಎಳೆದು ಬದಿಗೆ ಹಾಕಿರುತ್ತಾರೆ ಎಂಬುದು ನನ್ನ ಅಂದಾಜು. ನಾನಾದರೂ ಹಾಗೇ ಮಾಡುತ್ತೇನೆ. ಕಲ್ಲಿನವನು ಮೊದಲು ಒಡೆಯುವುದಿಲ್ಲ, ಮೊದಲು ಸುತ್ತು ಹಾಕಿ ನೋಡುತ್ತಾನೆ.

ಆ ಹುಡುಗಿಗೆ ಇನ್ನೊಂದು ಹೇಳಿ. ನಮ್ಮ ತಾತನ ಎಡಗೈಯ ಎರಡು ಬೆರಳು ಅರ್ಧ ಇದ್ದವು. ನಾವು ಸಣ್ಣವರು ಅದನ್ನು ಹಿಡಿದುಕೊಂಡು ಮಲಗುತ್ತಿದ್ದೆವು. ಡ್ಯಾಮ್ ನೋಡಲು ಹೋದಾಗ ಲೈಟು, ಕಾರಂಜಿ ನೋಡುವ ಮೊದಲು ಕಟ್ಟೆಯ ಕಲ್ಲುಗಳನ್ನು ಒಮ್ಮೆ ನೋಡಲಿ.

ಕಾಲುವೆಕಾಕಾ:

ತಮ್ಮಾ ಕಲ್ಲುಳಿ, ಮೂಗು ಕಡಿದು ಗುಂಡು ಎಳೆದಿರುತ್ತಾರೆ ಎನ್ನುವ ಮಾತು ನನಗೆ ಒಪ್ಪಿಗೆ. ಥುಟ್‌ಮೋಸ್‌ಗಳ ಬರಹದಲ್ಲೂ ಕಲ್ಲು ಬಂದು ಮುಚ್ಚಿತ್ತು ಎಂದೇ ಇದೆ. ನೆರೆ ಬಂದಾಗ ಗುಂಡು ಉರುಳುತ್ತವೆ. ನಮ್ಮ ಹೊಳೆಯಲ್ಲೂ ಹಾಗೆ ಅಲ್ವಾ. 2009ರ ಅಕ್ಟೋಬರ್ ನೆರೆಯ ಮೇಲೆ ಹೋಗಿ ನೋಡಿದರೆ ನನಗೆ ಗುರುತಿದ್ದ ಒಂದು ದಡವೂ ಮೊದಲಿನಂತೆ ಇರಲಿಲ್ಲ.

ಶಾಲೆಬಾವಿ:

ಎಲ್ಲರಿಗೂ ನಡೆದದ್ದನ್ನು ಹೇಳಬೇಕು.

ಶನಿವಾರ ಬೆಳಿಗ್ಗೆ ಶಾಲೆಯ ಬಯಲಿನಲ್ಲಿ ಸೆನುಸ್ರೆಟ್‌ನ ಕಾಲುವೆ ಗೆರೆ ಹಾಕಿದೆವು. ಮೊಳ ಅಳೆಯಲು ಎಲ್ಲರಿಗಿಂತ ಉದ್ದ ಕೈಯವನನ್ನು ಆರಿಸಿದರು. ಅದಕ್ಕೆ ನಾಲ್ಕು ಬೆರಳು ಕೂಡಿಸಿ ಒಂದು ಕೋಲು ಕಡಿದುಕೊಂಡರು. 20 ಮೊಳ ಅಗಲ ಸಲೀಸಾಗಿ ಬಂತು. 150 ಮೊಳ ಉದ್ದಕ್ಕೆ ಬಯಲು ಸಾಲಲಿಲ್ಲ. ಬಿಸಿಯೂಟದ ಅಡುಗೆ ಕೋಣೆ ದಾಟಿ, ಗೇಟು ದಾಟಿ ರಸ್ತೆಗೆ ಹೋದೆವು. ಸುಣ್ಣದ ಪುಡಿ ಅಲ್ಲಿಗೆ ಮುಗಿಯಿತು. 15 ಮೊಳ ಆಳ ಎಷ್ಟು ಎಂದು ತೋರಿಸಲು ನಮ್ಮ ನೀರಿನ ಟ್ಯಾಂಕಿನ ಮೇಲಿನಿಂದ ಹಗ್ಗ ಬಿಟ್ಟೆವು. ಮಕ್ಕಳು ತಲೆ ಎತ್ತಿ ನೋಡಿ ಸುಮ್ಮನಾದರು.

ಆಮೇಲೆ ಮೀನುಗಾರರ ಸಾಲು ಹೇಳಿದೆ, ಕಾಕಾ ಹೇಳಿದಂತೆಯೇ. ಪ್ರತಿ ವರ್ಷ ತೆಗೆಯಬೇಕು.

ಆ ಹಿಂದಿನ ಬೆಂಚಿನ ಹುಡುಗ ಕೈ ಎತ್ತಿದ. "ಟೀಚರ್, ನಮ್ಮಪ್ಪನೂ ತೆಗೀತಾನ" ಎಂದ. ಏನು ತೆಗೆಯುತ್ತಾರೆ ಎಂದೆ. ಹೊಳೆ ಇಳಿದ ಮೇಲೆ, ಮೊದಲನೇ ಸಲ ಹರಿಗೋಲು ನೀರಿಗೆ ಹಾಕುವ ಮುಂಚೆ, ಅವನ ಅಪ್ಪ, ದೊಡ್ಡಪ್ಪ, ಇನ್ನಿಬ್ಬರು ಗಡಾರಿ ತೆಗೆದುಕೊಂಡು ಹೋಗುತ್ತಾರಂತೆ. ಘಟ್ಟದ ಹತ್ತಿರ ಎರಡು ದೊಡ್ಡ ಬಂಡೆಗಳ ನಡುವೆ ಒಂದು ಸಂದಿ ಇದೆ. ನೆರೆಯಲ್ಲಿ ಉರುಳಿ ಬಂದ ಗುಂಡುಗಳು ಅದರಲ್ಲಿ ಸಿಕ್ಕಿಕೊಂಡಿರುತ್ತವೆ. ಅವನ್ನು ಮೀಟಿ ಬದಿಗೆ ಹಾಕುತ್ತಾರೆ. ಇಲ್ಲದಿದ್ದರೆ ಹರಿಗೋಲಿನ ತಳ ಹರಿಯುತ್ತದೆ. ಅಜ್ಜನ ಕಾಲದಿಂದಲೂ ಹೀಗೇ ಅಂತೆ. ಇಷ್ಟು ವರ್ಷ ಅದೇ ಘಟ್ಟದಲ್ಲಿ ದಾಟಿದ್ದೇನೆ. ನನಗೆ ಇದು ಗೊತ್ತಿರಲಿಲ್ಲ.

ಸಂಜೆ ಅವನ ಅಪ್ಪನೇ ಶಾಲೆಗೆ ಬಂದರು. ಮಗ ಏನೋ ತಪ್ಪು ಮಾಡಿದ್ದಾನೆ ಎಂದುಕೊಂಡು ಹೆದರಿದ್ದರು ಪಾಪ. ಕೂರಿಸಿ ಚಹಾ ಕೊಟ್ಟು ಆ ಸಂದಿ ಎಷ್ಟು ಅಗಲ ಇದೆ ಎಂದು ಕೇಳಿದೆ. ಕೈ ಚಾಚಿ, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಯೋಚಿಸಿ, "ಒಂಬತ್ತು ಮೊಳ ಆಗಬಹುದ್ರಿ" ಎಂದರು.

ಮಕ್ಕಳು ಚಾರ್ಟ್ ಮಾಡುತ್ತಿದ್ದಾರೆ. ಒಂದು ಕಡೆ ಅಸ್ವಾನ್, ಒಂದು ಕಡೆ ನಮ್ಮ ಘಟ್ಟ. ಅಸ್ವಾನ್ ಕಡೆ ರಾಜರ ಹೆಸರುಗಳಿವೆ. ನಮ್ಮ ಕಡೆ ನಾಲ್ಕು ಜನ ಅಂಬಿಗರ ಹೆಸರು ಹುಡುಗನೇ ಬರೆದ, ದಪ್ಪ ಅಕ್ಷರದಲ್ಲಿ. ಉದ್ದ ಮತ್ತು ಆಳದ ಜಾಗ ಖಾಲಿ ಇದೆ. ಹೊಳೆ ಇಳಿದ ಮೇಲೆ ಅಳೆಯಬೇಕು. ಕಾಕಾ, ಆ ದಿನ ನೀವು ಬರುತ್ತೀರಾ? ಕಲ್ಲುಳಿ ಅಣ್ಣ, ನೀವೂ ಬನ್ನಿ. ಕಂಪ್ಲಿಯಿಂದ ದೂರ ಏನಿಲ್ಲ.

ಕಾಲುವೆಕಾಕಾ:

ಬರುತ್ತೇನೆ ಅಕ್ಕೋರೆ. ಗಡಾರಿ ನಾನೂ ಒಂದು ತರುತ್ತೇನೆ. ಹಿಂದಿನ ದಿನ ಫೋನ್ ಮಾಡಿಸಿದರೆ ಸಾಕು.